ಮೊನೆ ಕಂಡ ಲಂಡನ್: ಚಿತ್ರದಲ್ಲಿರುವುದು ಮಂಜಾ, ಹೊಗೆಯಾ?

ಬಣ್ಣದ ಡಬ್ಬಿ:
ಫ್ರೆಂಚ್ ಚಿತ್ರಗಾರ ಕ್ಲೋದ್ ಮೊನೆ ಅಂದ ತಕ್ಷಣ ಎಲ್ಲರಿಗೂ ನೈದಿಲೆ ಕೊಳವೇ ನೆನಪಾಗುತ್ತದೆ. ನನಗೆ ಅವನ ಲಂಡನ್ ಚಿತ್ರಗಳು ಅದಕ್ಕಿಂತ ಜಾಸ್ತಿ ಇಷ್ಟ. ಇಲ್ಲಿ ಅವುಗಳ ಬಗ್ಗೆ ಯಾರೂ ಬರೆದ ಹಾಗಿಲ್ಲ, ಅದಕ್ಕೇ ಶುರು ಮಾಡುತ್ತಿದ್ದೇನೆ.

ವಿಷಯ ಇಷ್ಟೇ. ಥೇಮ್ಸ್ ನದಿ, ಅದರ ಮೇಲೆ ಎರಡು ಸೇತುವೆ, ದಡದಲ್ಲಿ ಪಾರ್ಲಿಮೆಂಟ್ ಕಟ್ಟಡ. ಇದನ್ನೇ ಹಿಡಿದುಕೊಂಡು ಸುಮಾರು ನೂರು ಕ್ಯಾನ್ವಾಸ್ ಮಾಡಿದ. ವಾಟರ್ಲೂ ಸೇತುವೆಯದ್ದೇ 41. ಪಾರ್ಲಿಮೆಂಟಿನದು 19. ಉಳಿದವು ಹೆಚ್ಚಾಗಿ ಚೇರಿಂಗ್ ಕ್ರಾಸ್ ರೈಲು ಸೇತುವೆಯವು.

1899ರ ಸೆಪ್ಟೆಂಬರಿನಲ್ಲಿ ಮನೆಯವರ ಜೊತೆ ಲಂಡನ್ನಿಗೆ ಬಂದ. ಮಗ ಮಿಶೆಲ್ ಆಗ ಅಲ್ಲಿ ಇಂಗ್ಲಿಷ್ ಕಲಿಯುತ್ತಿದ್ದ. ಸವಾಯ್ ಹೋಟೆಲಿನ ಆರನೇ ಮಹಡಿಯಲ್ಲಿ ರೂಮು ಹಿಡಿದ. ಕಿಟಕಿಯಿಂದ ನದಿ ನೋಡಿದವನು ಅಲ್ಲೇ ಕೆಲಸಕ್ಕೆ ಕೂತುಬಿಟ್ಟ. 1900ರ ಚಳಿಗಾಲದಲ್ಲಿ ಮತ್ತೆ ಬಂದ. 1901ರಲ್ಲಿ ಇನ್ನೊಮ್ಮೆ. ಎಲ್ಲಾ ಕ್ಯಾನ್ವಾಸುಗಳನ್ನೂ ಫ್ರಾನ್ಸಿನ ಜಿವರ್ನಿಯ ಮನೆಗೆ ತಗೊಂಡು ಹೋಗಿ ವರ್ಷಗಟ್ಟಲೆ ತಿದ್ದಿದ. ಕೊನೆಗೆ 1904ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನ ಚಿತ್ರವ್ಯಾಪಾರಿ ದ್ಯುರಾಂ-ರುಯೆಲ್‌ನ ಗ್ಯಾಲರಿಯಲ್ಲಿ 37 ಚಿತ್ರಗಳ ಪ್ರದರ್ಶನ ಆಯಿತು.

ಈಗ ನನ್ನ ಪ್ರಶ್ನೆ. ಮೊನೆಯಂಥ ಇಂಪ್ರೆಷನಿಸ್ಟ್ ಅಂದರೆ ಕಂಡ ಕ್ಷಣವನ್ನು ಅಲ್ಲೇ ನಿಂತು ಹಿಡಿಯುವವನು ಅಂತ ಪಾಠದಲ್ಲಿ ಹೇಳಿಕೊಡುತ್ತಾರೆ. ಮೂರು ವರ್ಷ ಬೇರೆ ದೇಶದ ಸ್ಟುಡಿಯೋದಲ್ಲಿ ಕೂತು ತಿದ್ದಿದ ಚಿತ್ರವನ್ನು ಕ್ಷಣದ ಚಿತ್ರ ಅನ್ನಬಹುದಾ? ನನ್ನ ಪ್ರಕಾರ ಇವು ಅರ್ಧ ಲಂಡನ್, ಅರ್ಧ ಜಿವರ್ನಿ. ನೀವೇನಂತೀರಿ?

ಸುಮ್ನೆ ನೋಡೋನು:
ಬೇಜಾರು ಮಾಡ್ಕೋಬೇಡಿ ಸರ್. ನಾನು ನೋಡಿದ ಪಾರ್ಲಿಮೆಂಟ್ ಚಿತ್ರಗಳೆಲ್ಲಾ ಒಂದೇ ಥರ ಕಾಣಿಸಿದವು. ನೀಲಿ ಗೋಪುರ, ಕೆಳಗೆ ನೀರು, ಎಲ್ಲೋ ಒಂದು ಕಿತ್ತಳೆ ಚುಕ್ಕೆ. ಒಂದು ಮಾಡಿದ್ದರೆ ಸಾಕಿತ್ತಲ್ವಾ? 19 ಯಾಕೆ? ಮಾರೋಕೆ ಅನುಕೂಲ ಅಂತಲಾ?

ಬಣ್ಣದ ಡಬ್ಬಿ:
@ಸುಮ್ನೆ ನೋಡೋನು, ಮಾರುವ ಲೆಕ್ಕವೂ ಇತ್ತು, ಇಲ್ಲ ಅನ್ನಲ್ಲ. ಹುಲ್ಲಿನ ಬಣವೆ, ರೂಆಂ ಊರಿನ ಕೆಥೆಡ್ರಲ್ ಸರಣಿಗಳು ಅಷ್ಟೊತ್ತಿಗೆ ಚೆನ್ನಾಗಿ ಹೋಗಿದ್ದವು. ಸರಣಿ ಮಾಡಿದರೆ ಗಿರಾಕಿ ಬರುತ್ತಾರೆ ಅಂತ ಅವನಿಗೂ ಗೊತ್ತು, ದ್ಯುರಾಂ-ರುಯೆಲ್‌ಗೂ ಗೊತ್ತು.

ಆದರೆ ಪಾರ್ಲಿಮೆಂಟ್ ಚಿತ್ರಗಳಲ್ಲಿ ಕಟ್ಟಡ ಮುಖ್ಯವೇ ಅಲ್ಲ. ಅದು ಬಟ್ಟೆ ಒಣಹಾಕುವ ತಂತಿ ಇದ್ದ ಹಾಗೆ. ನೋಡಬೇಕಾದ್ದು ಅದರ ಮೇಲೆ ನೇತುಹಾಕಿರುವ ಬೆಳಕನ್ನು. ಬಹುಪಾಲು ಕ್ಯಾನ್ವಾಸುಗಳ ಅಳತೆ ಹತ್ತಿರ ಹತ್ತಿರ ಒಂದೇ, 81 ಸೆಂಟಿಮೀಟರ್ ಎತ್ತರ, 92 ಅಗಲ. ನಿಂತ ಜಾಗವೂ ಹೆಚ್ಚುಕಡಿಮೆ ಒಂದೇ. ಇಷ್ಟನ್ನೂ ಬದಲಾಯಿಸದೆ ಇಟ್ಟಾಗ ಬದಲಾದದ್ದು ಏನು ಅಂತ ಕಣ್ಣಿಗೆ ಬೀಳುತ್ತದೆ. ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂನಲ್ಲಿರುವ ಚಿತ್ರದಲ್ಲಿ ಮಂಜು ಸೀಳಿಕೊಂಡು ಬಿಸಿಲು ನೀರಿಗೆ ಬಿದ್ದಿದೆ, ನದಿಯೇ ಉರಿಯುವ ಹಾಗಿದೆ. ಪ್ರಿನ್ಸ್‌ಟನ್‌ನಲ್ಲಿರುವ ಇನ್ನೊಂದರಲ್ಲಿ ಬಿಸಿಲೇ ಇಲ್ಲ, ಕಡಲಹಕ್ಕಿಗಳು ಹಾರಾಡುತ್ತಿವೆ, ಗೋಪುರ ಕರಗಿ ಹೋಗಿದೆ. ಒಂದರ ಪಕ್ಕ ಒಂದು ಇಟ್ಟು ನೋಡಿ.

ಇನ್ನೊಂದು ಮಾತು. ಆ ಗೋಪುರ ಕಪ್ಪಗಿದೆ ಅನ್ನಿಸುತ್ತದಲ್ಲ, ದೊಡ್ಡದು ಮಾಡಿ ನೋಡಿ. ಕಡು ನೀಲಿ, ನೇರಳೆ, ಹಸಿರು, ನಡುವೆ ಸ್ವಲ್ಪ ಕೆಂಪು. ಬೆಳಕಿಗೆ ಎದುರಾಗಿ ನಿಂತ ಕಟ್ಟಡದ ನೆರಳನ್ನು ಕಪ್ಪು ಟ್ಯೂಬಿನಿಂದ ತುಂಬಿದ್ದರೆ ಚಿತ್ರ ಅಲ್ಲೇ ಸತ್ತುಹೋಗುತ್ತಿತ್ತು.

ಥೇಮ್ಸ್ ದಂಡೆ:
ನಾನು ಲಂಡನ್ನಿನಲ್ಲಿ ಇರುವವಳು. ಜಾಗದ ವಿಷಯ ನಾನು ಹೇಳುತ್ತೇನೆ, ಯಾಕೆಂದರೆ ಜಾಗ ಗೊತ್ತಾದರೆ ಚಿತ್ರ ಅರ್ಧ ಅರ್ಥವಾಗುತ್ತದೆ.

ಸವಾಯ್ ಇರುವುದು ನದಿಯ ಉತ್ತರ ದಡದಲ್ಲಿ. ಅಲ್ಲಿ ನದಿ ತಿರುಗುತ್ತದೆ. ಕಿಟಕಿಯಿಂದ ಎಡಕ್ಕೆ ನೋಡಿದರೆ ವಾಟರ್ಲೂ ಸೇತುವೆ, ಅದರಾಚೆ ದಕ್ಷಿಣ ದಡದ ಕಾರ್ಖಾನೆಗಳ ಚಿಮಣಿಗಳು. ಬಲಕ್ಕೆ ನೋಡಿದರೆ ಚೇರಿಂಗ್ ಕ್ರಾಸ್ ರೈಲು ಸೇತುವೆ, ದೂರದಲ್ಲಿ ಪಾರ್ಲಿಮೆಂಟಿನ ಗೋಪುರಗಳು. ಸೂರ್ಯ ಎಡದಿಂದ ಬಲಕ್ಕೆ ಸರಿಯುತ್ತಾನೆ. ಹಾಗಾಗಿ ಬೆಳಿಗ್ಗೆ ವಾಟರ್ಲೂ, ಮಧ್ಯಾಹ್ನದ ಹೊತ್ತಿಗೆ ಚೇರಿಂಗ್ ಕ್ರಾಸ್. ಸಂಜೆಗೆ ಹೊಸ ಜಾಗ ಬೇಕಾಯಿತು. 1900ರ ಫೆಬ್ರವರಿಯಲ್ಲಿ ಪರಿಚಯದವರ ಮೂಲಕ ಎದುರು ದಡದ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಕೂತು ಚಿತ್ರ ಬಿಡಿಸಲು ಅನುಮತಿ ಸಿಕ್ಕಿತು. ಅಲ್ಲಿಂದ ಪಾರ್ಲಿಮೆಂಟ್ ನೇರ ಎದುರಿಗೆ, ಸೂರ್ಯ ಮುಳುಗುವುದು ಅದರ ಹಿಂದೆ. ಅಂದರೆ ಇಡೀ ದಿನ ಅವನು ಬೆಳಕಿಗೆ ಮುಖ ಮಾಡಿಯೇ ಕೂತಿದ್ದ. ಎಲ್ಲಾ ಕಟ್ಟಡಗಳೂ ಬರೀ ನೆರಳಿನ ಆಕಾರವಾಗಿ ಕಾಣುವುದು ಇದಕ್ಕೇ.

ಪ್ರವಾಸಿಗಳು ಯಾವಾಗಲೂ ಕೇಳುವ ಪ್ರಶ್ನೆ, ಈ ಚಿತ್ರಗಳಲ್ಲಿ ಬಿಗ್ ಬೆನ್ ಎಲ್ಲಿ ಅಂತ. ಆಸ್ಪತ್ರೆಯಿಂದ ಬಿಡಿಸಿದವುಗಳಲ್ಲಿ ಗಡಿಯಾರದ ಗೋಪುರ ಚೌಕಟ್ಟಿನ ಆಚೆಗೇ ಉಳಿದಿದೆ. ಎತ್ತರಕ್ಕೆ ಕಾಣುವುದು ಇನ್ನೊಂದು ತುದಿಯ ವಿಕ್ಟೋರಿಯಾ ಟವರ್. ಊರಿನ ಅತಿ ಪ್ರಸಿದ್ಧ ಗುರುತನ್ನೇ ಬಿಟ್ಟುಬಿಟ್ಟ. ನನಗಂತೂ ಅದು ಬಹಳ ಹಿಡಿಸಿತು.

ಅವನ ವಾಟರ್ಲೂ ಸೇತುವೆ ಈಗಿಲ್ಲ. ಅದು 1817ರ ಕಲ್ಲಿನ ಸೇತುವೆ, ಒಂಬತ್ತು ಕಮಾನುಗಳದ್ದು. 1930ರ ದಶಕದಲ್ಲಿ ಕೆಡವಿದರು. ಈಗಿರುವುದು ಕಾಂಕ್ರೀಟಿನದು. ರೈಲು ಸೇತುವೆ ಮಾತ್ರ ಇವತ್ತೂ ಇದೆ, ಎರಡೂ ಬದಿಗೆ ಪಾದಚಾರಿ ಸೇತುವೆ ಸೇರಿಕೊಂಡು ಗುರುತೇ ಸಿಗಲ್ಲ.

ಇಲ್ಲಿಗೆ ಬರುವ ಕನ್ನಡದವರಿಗೆ ಒಂದು ಸಲಹೆ. ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಬಸವಣ್ಣನ ಪ್ರತಿಮೆ ನೋಡಲು ಹೇಗೂ ಹೋಗುತ್ತೀರಿ, 2015ರಲ್ಲಿ ಅನಾವರಣ ಆಗಿದ್ದು. ಅಲ್ಲಿಂದ ನದಿಯ ಪಕ್ಕದಲ್ಲೇ ಲ್ಯಾಂಬೆತ್ ಸೇತುವೆ ಹತ್ತದೆ, ಅದರ ಪಕ್ಕದಿಂದ ಹಾದು, ಇದೇ ದಡದಲ್ಲಿ ವೆಸ್ಟ್‌ಮಿನ್‌ಸ್ಟರ್ ಕಡೆ ಮುಂದೆ ನಡೆದರೆ ಇದೇ ಆಸ್ಪತ್ರೆ ಸಿಗುತ್ತದೆ. ಸಂಜೆ ಹೋಗಿ. ಫೆಬ್ರವರಿ, ಮಾರ್ಚಿನಲ್ಲಿ ಹೋದರೆ ಸೂರ್ಯ ಸರಿಯಾದ ಜಾಗದಲ್ಲಿ ಮುಳುಗುತ್ತಾನೆ.

ಚುಕ್ಕಿ:
ಒಳ್ಳೆ ಮಾಹಿತಿ ಅಕ್ಕಾ. ಆದರೆ ಮೊನೆಗೆ ಕಣ್ಣಿನ ಪೊರೆ ಇತ್ತಲ್ವಾ? ಎಲ್ಲಾ ಮಸುಕು ಮಸುಕಾಗಿ ಬಿಡಿಸಲು ಅದೇ ಕಾರಣ ಅಂತ ಎಲ್ಲೋ ಓದಿದ ನೆನಪು.

ರಸಾಯನ ಮೇಷ್ಟ್ರು:
@ಚುಕ್ಕಿ, ಪೊರೆ ಇದ್ದದ್ದು ನಿಜ, ಕಾಲ ಹೊಂದಲ್ಲ. ಡಾಕ್ಟರು ಪೊರೆ ಅಂತ ಹೇಳಿದ್ದು 1912ರಲ್ಲಿ. ಆಪರೇಷನ್ ಆಗಿದ್ದು 1923ರಲ್ಲಿ. ಲಂಡನ್ನಿನಲ್ಲಿ ಕೂತು ಬಿಡಿಸಿದ್ದು ಡಾಕ್ಟರು ಹೇಳುವುದಕ್ಕಿಂತ ಹತ್ತು ವರ್ಷಕ್ಕೂ ಹಿಂದೆ. ಅಲ್ಲದೆ ಪೊರೆ ಬಂದ ಕಣ್ಣಿಗೆ ನೀಲಿ ಕಡಿಮೆ ಕಾಣುತ್ತದೆ, ಲೋಕ ಹಳದಿ, ಕಂದು ಆಗುತ್ತಾ ಹೋಗುತ್ತದೆ. ಲಂಡನ್ ಚಿತ್ರಗಳಲ್ಲಿ ನೀಲಿ, ನೇರಳೆಯ ಎಷ್ಟು ಸೂಕ್ಷ್ಮ ವ್ಯತ್ಯಾಸಗಳಿವೆ ನೋಡಿ.

ಮಸುಕು ಇದ್ದದ್ದು ಕಣ್ಣಲ್ಲಲ್ಲ, ಗಾಳಿಯಲ್ಲಿ. ಆಗಿನ ಲಂಡನ್ನಿನಲ್ಲಿ ಮನೆ ಮನೆಯ ಒಲೆಗೂ ಕಲ್ಲಿದ್ದಲು, ಕಾರ್ಖಾನೆಗೂ ಕಲ್ಲಿದ್ದಲು, ರೈಲಿಗೂ ಕಲ್ಲಿದ್ದಲು. ಮಸಿ, ಟಾರಿನ ಹನಿ, ಗಂಧಕದ ಡೈ ಆಕ್ಸೈಡ್ ಎಲ್ಲಾ ಮೇಲೆ ಹೋಗುತ್ತಿತ್ತು. ಚಳಿಗಾಲದಲ್ಲಿ ಗಾಳಿ ಆಡದ ದಿನ ಅದೆಲ್ಲಾ ಊರ ಮೇಲೇ ನಿಲ್ಲುತ್ತದೆ. ನೀರಿನ ಆವಿ ಹನಿಯಾಗಲು ಒಂದು ಕಣ ಬೇಕು. ಹೊಗೆಯ ಕಣಗಳು ಲೆಕ್ಕವಿಲ್ಲದಷ್ಟು ಇದ್ದರೆ ಸಣ್ಣ ಸಣ್ಣ ಹನಿಗಳೂ ಲೆಕ್ಕವಿಲ್ಲದಷ್ಟು. ಮಂಜು ದಟ್ಟವಾಗುತ್ತದೆ, ಬೇಗ ಕರಗುವುದೂ ಇಲ್ಲ. ಇಂಥ ಗಾಳಿ ಬೆಳಕನ್ನು ಎಲ್ಲಾ ಕಡೆ ಚದುರಿಸುತ್ತದೆ. ದೂರದ ವಸ್ತುವಿನ ಅಂಚು ಮೊದಲು ಹೋಗುತ್ತದೆ, ಆಮೇಲೆ ಕಪ್ಪು ಬಿಳುಪಿನ ವ್ಯತ್ಯಾಸ ಹೋಗುತ್ತದೆ. ನೀಲಿ ಬೆಳಕು ಜಾಸ್ತಿ ಚದುರಿ ಹೋಗುವುದರಿಂದ ಸೂರ್ಯ ಕೆಂಪು ಚೆಂಡಾಗಿ ಉಳಿಯುತ್ತಾನೆ. ವಾಟರ್ಲೂ ಚಿತ್ರಗಳಲ್ಲಿ ಇದು ಅಚ್ಚುಕಟ್ಟಾಗಿ ಇದೆ. ಹತ್ತಿರದ ಕಮಾನು ಕಾಣುತ್ತದೆ, ಹಿಂದಿನ ಚಿಮಣಿ ಬರೀ ಗೀಟು.

2023ರಲ್ಲಿ ಅನ್ನಾ ಲೀ ಆಲ್ಬ್ರೈಟ್ ಮತ್ತು ಪೀಟರ್ ಹೈಬರ್ಸ್ ಎಂಬ ಹವಾಮಾನ ವಿಜ್ಞಾನಿಗಳು ಇದನ್ನೇ ಅಳೆದರು. ಮೊನೆಗಿಂತ ಹಿಂದಿನ ಇಂಗ್ಲಿಷ್ ಚಿತ್ರಗಾರ ಟರ್ನರ್ ಮತ್ತು ಮೊನೆಯ ಸುಮಾರು ನೂರು ಚಿತ್ರಗಳಲ್ಲಿ ಅಂಚುಗಳು ಎಷ್ಟು ಚೂಪಾಗಿವೆ, ಬಣ್ಣ ಎಷ್ಟು ಬಿಳುಚಿದೆ ಅಂತ ಲೆಕ್ಕ ಹಾಕಿ, ಆಯಾ ಕಾಲದ ಲಂಡನ್, ಪ್ಯಾರಿಸ್ಸಿನ ಗಂಧಕದ ಹೊಗೆಯ ಅಂದಾಜಿನ ಜೊತೆ ಹೋಲಿಸಿದರು. ಹೊಗೆ ಏರಿದ ಹಾಗೆ ಅಂಚು ಮಸುಕಾಗುತ್ತಾ ಹೋಗಿದೆ. ನನಗೆ ಇದು ಒಪ್ಪುವ ಮಾತು. ಆ ಕಾಲದ ಗಾಳಿಯ ದಾಖಲೆ ಇದು.

ಬಣ್ಣದ ಡಬ್ಬಿ:
ಮೇಷ್ಟ್ರೇ, ಹೊಗೆ ಇತ್ತು ಅನ್ನುವುದಕ್ಕೆ ನನ್ನ ತಕರಾರಿಲ್ಲ. ‘ದಾಖಲೆ’ ಅನ್ನುವುದಕ್ಕೆ ತಕರಾರು. ಹೊಗೆ ಏರಿದ ಅದೇ ವರ್ಷಗಳಲ್ಲಿ ಚಿತ್ರಕಲೆಯ ರುಚಿಯೂ ಬದಲಾಯಿತಲ್ಲ. ಅಂಚು ಬಿಡುವುದನ್ನು ಟರ್ನರ್ ವಯಸ್ಸಾದಂತೆ ಕಲಿತ. ಅದನ್ನು ನೋಡಿ ಮುಂದಿನವರು ಕಲಿತರು. ಮೊನೆ 1870ರಲ್ಲಿ ಯುದ್ಧ ತಪ್ಪಿಸಿಕೊಂಡು ಲಂಡನ್ನಿಗೆ ಬಂದಿದ್ದಾಗಲೇ ಟರ್ನರನ ಚಿತ್ರಗಳನ್ನು ನೋಡಿದ್ದ. ಆಗ ಇದೇ ಪಾರ್ಲಿಮೆಂಟನ್ನು ಬಿಡಿಸಿದ್ದಾನೆ, 1871ರ ಚಿತ್ರ, ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಬಿಗ್ ಬೆನ್ ಇದೆ, ದೋಣಿ ಇದೆ, ನದಿಯೊಳಗಿನ ಮರದ ಕಟ್ಟೆ ಇದೆ, ಕೆಲಸ ಮಾಡುವ ಜನ ಇದ್ದಾರೆ. ಮಂಜು ಅಲ್ಲೂ ಇದೆ. ಆದರೂ ಎಲ್ಲಾ ಎಣಿಸಬಹುದು. ಮೂವತ್ತು ವರ್ಷದ ಮೇಲೆ ಅದೇ ಕಟ್ಟಡ ಬರೀ ನೀಲಿ ನೆರಳು. ಅಷ್ಟು ವ್ಯತ್ಯಾಸವನ್ನೂ ಕಲ್ಲಿದ್ದಲಿನ ಲೆಕ್ಕಕ್ಕೆ ಬರೆಯೋಕಾಗುತ್ತಾ?

ರಸಾಯನ ಮೇಷ್ಟ್ರು:
ಆಗಲ್ಲ. ಆ ವಿಜ್ಞಾನಿಗಳೂ ಅಷ್ಟನ್ನೂ ಬರೆದಿಲ್ಲ. ಆದರೆ ವಿಸ್ಲರ್, ಪಿಸಾರೊ, ಕಾಯ್‌ಬೋತ್, ಮೊರಿಸೊ ಎಂಬ ಬೇರೆ ಚಿತ್ರಗಾರರ ಚಿತ್ರಗಳನ್ನೂ ಇಟ್ಟುಕೊಂಡು ಪರೀಕ್ಷೆ ಮಾಡಿದ್ದಾರೆ. ಬರೀ ಶೈಲಿಯ ವಿಷಯವಾಗಿದ್ದರೆ ಗಾಳಿಯ ಲೆಕ್ಕದ ಜೊತೆ ಅಷ್ಟು ಹೊಂದಿಕೊಳ್ಳುತ್ತಿರಲಿಲ್ಲ.

ಇನ್ನು ಮೊನೆಯ ಪತ್ರ ನೋಡಿ. ಲಂಡನ್ನಿನಿಂದ ಹೆಂಡತಿ ಆಲಿಸ್‌ಗೆ ದಿನವೂ ಅನ್ನುವಷ್ಟು ಬರೆಯುತ್ತಿದ್ದ. 1900ರ ಮಾರ್ಚಿನ ಒಂದು ಭಾನುವಾರ ಎದ್ದು ನೋಡುತ್ತಾನೆ, ಮಂಜಿನ ಎಳೆಯೂ ಇಲ್ಲ. ಹೆದರಿಬಿಟ್ಟನಂತೆ, ಚಿತ್ರಗಳೆಲ್ಲಾ ಹಾಳಾದವು ಅಂತ. ಆಮೇಲೆ ಒಂದೊಂದೇ ಮನೆಯಲ್ಲಿ ಬೆಂಕಿ ಹಚ್ಚಿದರು, ಹೊಗೆ ಎದ್ದಿತು, ಮಂಜು ವಾಪಸ್ ಬಂತು, ಜೀವ ಬಂತು. ಅವನಿಗೆ ಚೆನ್ನಾಗಿ ಗೊತ್ತಿತ್ತು, ತಾನು ಬಿಡಿಸುತ್ತಿರುವುದು ಒಲೆಯ ಹೊಗೆಯನ್ನು ಅಂತ.

ಸುಮ್ನೆ ನೋಡೋನು:
ಇದು ಸ್ವಲ್ಪ ವಿಚಿತ್ರ ಅನ್ಸಲ್ವಾ ಗುರುಗಳೇ? ಊರಿನವರು ಕೆಮ್ಮಿ ಕೆಮ್ಮಿ ಸಾಯ್ತಾ ಇದ್ದಾರೆ. ಇವನು ದುಬಾರಿ ಹೋಟೆಲಿನ ಮೇಲಿನ ಮಹಡಿಯಲ್ಲಿ ಕೂತು ಇವತ್ತು ಹೊಗೆ ಸಾಲದು ಅಂತಾನೆ.

ಥೇಮ್ಸ್ ದಂಡೆ:
ಈ ಮಾತು ನನಗೂ ಚುಚ್ಚುತ್ತದೆ. ಆ ಹೊಗೆ ಮುಂದೆ ಏನು ಮಾಡಿತು ಅಂತ ಇಲ್ಲಿನವರಿಗೆ ಮರೆತಿಲ್ಲ. 1952ರ ಡಿಸೆಂಬರಿನಲ್ಲಿ ಐದು ದಿನ ಹೊಗೆಮಂಜು ಕದಲಲೇ ಇಲ್ಲ. ಆಗಿನ ಲೆಕ್ಕದಲ್ಲೇ ಸುಮಾರು 4,000 ಜನ ಸತ್ತರು. ಆಮೇಲೆ ಮಾಡಿದ ಅಂದಾಜುಗಳು ಅದಕ್ಕಿಂತ ಬಹಳ ಜಾಸ್ತಿ. ಅದಾದ ಮೇಲೆ 1956ರಲ್ಲಿ ಶುದ್ಧ ಗಾಳಿಯ ಕಾನೂನು ಬಂತು.

ಆದರೆ ಮೊನೆ ಹೊರಗೆ ನಿಂತವನು ಮಾತ್ರ ಅಲ್ಲ. ಅದೇ ಗಾಳಿ ಕುಡಿದ. 1901ರ ಮಾರ್ಚಿನಲ್ಲಿ ಎದೆಯ ಕಾಯಿಲೆ ಬಂದು, ಶ್ವಾಸಕೋಶದ ಪೊರೆಯ ಉರಿಯೂತ, ವಾರಗಟ್ಟಲೆ ಹಾಸಿಗೆ ಹಿಡಿದ. ಅಲ್ಲಿಗೆ ಆ ವರ್ಷದ ಕೆಲಸ ನಿಂತುಹೋಯಿತು. ಇದಕ್ಕೆ ಗಾಳಿಯೇ ಕಾರಣ ಅಂತ ನಾನು ಹೇಳುತ್ತಿಲ್ಲ.

ಹೋಟೆಲ್ ಬಗ್ಗೆ ಹೇಳಿದಿರಲ್ಲ, ಇನ್ನೊಂದು ಸಂಗತಿ. 1900ರಲ್ಲಿ ಹೋದಾಗ ಅವನಿಗೆ ಆರನೇ ಮಹಡಿ ಸಿಗಲಿಲ್ಲ. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಗಾಯಗೊಂಡು ಬಂದ ಸೈನಿಕರಿಗೆ ಅದನ್ನು ಕೊಟ್ಟಿದ್ದರು. ಐದನೆಯದಕ್ಕೆ ಇಳಿದ. ಚಿತ್ರಗಳಲ್ಲಿ ಇದರ ಸುಳಿವೂ ಇಲ್ಲ. ಸೇತುವೆ ಮೇಲೆ ಹೋಗುವ ಗಾಡಿಗಳು ಕೂಡ ಬರೀ ಬಣ್ಣದ ಚುಕ್ಕೆಗಳು.

ಹಳೇ ಕ್ಯಾಮೆರಾ:
ನಾನು ಫೋಟೋ ತೆಗೆಯುವವನು, ನನ್ನ ಆಸಕ್ತಿ ಬೇರೆ. ಮೊನೆ ಫೋಟೋ ನೋಡಿಕೊಂಡು ಮುಗಿಸಿದ ಅನ್ನುವ ಗಲಾಟೆ ಇತ್ತಲ್ಲ, ಅದರ ಕಥೆ ಏನು?

ಬಣ್ಣದ ಡಬ್ಬಿ:
ಹೌದು, 1905ರ ಹೊತ್ತಿಗೆ ಆ ಮಾತು ಲಂಡನ್ನಿನ ಚಿತ್ರಗಾರರಲ್ಲಿ ಓಡಾಡುತ್ತಿತ್ತು. ಪಾರ್ಲಿಮೆಂಟಿನ ಫೋಟೋ ತರಿಸಿಕೊಂಡಿದ್ದು ನಿಜ. ದ್ಯುರಾಂ-ರುಯೆಲ್ ಕೇಳಿದ್ದಕ್ಕೆ ಮೊನೆ ರೇಗಿದ. ನನ್ನ ಕೆಥೆಡ್ರಲ್‌ಗಳಾಗಲಿ ಲಂಡನ್ ಚಿತ್ರಗಳಾಗಲಿ ನೋಡಿ ಬಿಡಿಸಿದ್ದೋ ಇಲ್ಲವೋ ಯಾರಿಗೂ ಸಂಬಂಧವಿಲ್ಲ, ಅದು ಮುಖ್ಯವೂ ಅಲ್ಲ ಅನ್ನುವ ಅರ್ಥದಲ್ಲಿ ಉತ್ತರ ಬರೆದ. ನನಗೆ ಆ ಉತ್ತರ ಇಷ್ಟ. ಆದರೆ ಬಯಲಲ್ಲಿ ಕೂತು ಬಿಡಿಸುವವನು ಅನ್ನುವ ಹೆಸರನ್ನು ಜೀವನವಿಡೀ ಹೊತ್ತುಕೊಂಡು ಓಡಾಡಿದವನ ಬಾಯಲ್ಲಿ ಆ ಮಾತು ಸ್ವಲ್ಪ ಜಾಣತನ ಅಂತಲೂ ಅನಿಸುತ್ತದೆ.

ಅವನ ಕೆಲಸದ ಕ್ರಮ ನೋಡಿದರೆ ಸ್ಟುಡಿಯೋ ಯಾಕೆ ಬೇಕಾಯಿತು ಅಂತ ಗೊತ್ತಾಗುತ್ತದೆ. ಬೆಳಕು ಬದಲಾದ ಹಾಗೆ ಕ್ಯಾನ್ವಾಸ್ ಬದಲಾಯಿಸುತ್ತಿದ್ದ. ಈ ಬೆಳಕಿಗೆ ಈ ಕ್ಯಾನ್ವಾಸ್, ಅದು ಹೋಯಿತು ಅಂದರೆ ಇನ್ನೊಂದು. ಲಂಡನ್ನಿನಲ್ಲಿ ಬೆಳಕು ಗಳಿಗೆಗೊಂದು ಥರ. ರೂಮಿನ ತುಂಬಾ ಕ್ಯಾನ್ವಾಸುಗಳು. ಈಗಿನ ಬೆಳಕಿಗೆ ಹೊಂದುವುದು ಯಾವುದು ಅಂತ ಹುಡುಕಿ ತೆಗೆಯುವಷ್ಟರಲ್ಲಿ ಆ ಬೆಳಕೇ ಇರುತ್ತಿರಲಿಲ್ಲ ಅಂತ ಮುಂದೆ ಅವನೇ ಹೇಳಿಕೊಂಡಿದ್ದಾನೆ. ಹೀಗಾಗಿ ಊರಿಗೆ ತಗೊಂಡು ಹೋದದ್ದು ಬಹುಪಾಲು ಅರೆಬರೆ ಕ್ಯಾನ್ವಾಸುಗಳು. ಅಲ್ಲಿ ಎಲ್ಲವನ್ನೂ ಒಟ್ಟಿಗೆ ಇಟ್ಟುಕೊಂಡು, ಒಂದನ್ನು ನೋಡಿ ಇನ್ನೊಂದನ್ನು ತಿದ್ದಿದ. ಮುಗಿಸುವ ಮೊದಲು ಒಂದನ್ನೂ ಕೊಡಲು ಮನಸ್ಸಿಲ್ಲ, ಎಲ್ಲವೂ ಒಟ್ಟಿಗೇ ಕಣ್ಣೆದುರು ಬೇಕು ಅಂತ ದ್ಯುರಾಂ-ರುಯೆಲ್‌ಗೆ ಸತಾಯಿಸಿದ. ಬಹಳಷ್ಟು ಚಿತ್ರಗಳ ಮೂಲೆಯಲ್ಲಿ 1903, 1904 ಅಂತ ಇದೆ. ಆ ವರ್ಷಗಳಲ್ಲಿ ಅವನು ಚಿತ್ರ ಬಿಡಿಸಲು ಲಂಡನ್ನಿಗೆ ಹೋಗಿರಲಿಲ್ಲ. ಅದಕ್ಕೇ ಮೇಷ್ಟ್ರೇ, ಗಾಳಿಯ ದಾಖಲೆ ಅನ್ನಲು ನನಗೆ ಹಿಂಜರಿಕೆ.

ರಸಾಯನ ಮೇಷ್ಟ್ರು:
ಇದಕ್ಕೆ ನನ್ನ ಹತ್ತಿರ ಒಂದು ಉತ್ತರ ಇದೆ. 2006ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜೇಕಬ್ ಬೇಕರ್ ಮತ್ತು ಜಾನ್ ಥಾರ್ನ್ಸ್ ಪಾರ್ಲಿಮೆಂಟ್ ಚಿತ್ರಗಳಲ್ಲಿ ಸೂರ್ಯ ಎಲ್ಲಿದ್ದಾನೆ ಅಂತ ಅಳೆದರು. ಗೋಪುರಗಳ ಎತ್ತರ ಗೊತ್ತು, ಅವುಗಳ ನಡುವಿನ ಅಂತರ ಗೊತ್ತು. ಆದ್ದರಿಂದ ಚಿತ್ರದಲ್ಲಿ ಸೂರ್ಯ ಎಷ್ಟು ಎತ್ತರದಲ್ಲಿ, ಯಾವ ದಿಕ್ಕಿನಲ್ಲಿ ಇದ್ದಾನೆ ಅಂತ ಲೆಕ್ಕ ಹಾಕಬಹುದು. ಸೂರ್ಯನ ಜಾಗ ಸಿಕ್ಕರೆ ದಿನ ಸಿಗುತ್ತದೆ, ಹೊತ್ತೂ ಸಿಗುತ್ತದೆ. ಬಂದ ದಿನಾಂಕಗಳು ಫೆಬ್ರವರಿ, ಮಾರ್ಚಿನವು. ಪತ್ರಗಳಲ್ಲಿ ಅವನು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದೇನೆ ಅಂತ ಬರೆದ ದಿನಗಳ ಜೊತೆ ಹೊಂದಿಕೊಂಡವು. ಕಟ್ಟಡದ ಯಾವ ಜಾಗದಲ್ಲಿ ಕೂತಿದ್ದ ಅನ್ನುವುದೂ ಸಿಕ್ಕಿತು.

ಜಿವರ್ನಿಯಲ್ಲಿ ಎಷ್ಟೇ ತಿದ್ದಿರಲಿ, ಸೂರ್ಯನನ್ನು ಅಲುಗಾಡಿಸಿಲ್ಲ. ಇಷ್ಟಕ್ಕೆ ನಿಮ್ಮ ಒಪ್ಪಿಗೆ ಇದೆಯಾ?

ಬಣ್ಣದ ಡಬ್ಬಿ:
ಸೂರ್ಯನಿಗೆ ಒಪ್ಪಿಗೆ. ಆಕಾರಕ್ಕೂ ಒಪ್ಪಿಗೆ. ಬಣ್ಣಕ್ಕೆ ಇಲ್ಲ! ಆ ಸಂಜೆ ಆಕಾಶ ನಿಜಕ್ಕೂ ಅಷ್ಟು ನೇರಳೆ ಇತ್ತಾ ಅನ್ನುವುದನ್ನು ಯಾವ ಕೋನದ ಲೆಕ್ಕವೂ ಹೇಳಲ್ಲ. ಕಿತ್ತಳೆ ಸೂರ್ಯನ ಪಕ್ಕದಲ್ಲಿ ನೀಲಿಯನ್ನು ಇನ್ನಷ್ಟು ನೀಲಿ ಮಾಡಿದರೆ ಎರಡೂ ಹೊಳೆಯುತ್ತವೆ. ಇದು ಬ್ರಷ್ ಹಿಡಿದ ಎಲ್ಲರಿಗೂ ಗೊತ್ತಿರುವ ಉಪಾಯ. ಮೊನೆ ಅದನ್ನು ಬಿಟ್ಟಿರುತ್ತಾನಾ?

ರಸಾಯನ ಮೇಷ್ಟ್ರು:
ಸರಿ, ಬಣ್ಣ ನಿಮಗೆ ಬಿಟ್ಟೆ.

ಹಳೇ ಕ್ಯಾಮೆರಾ:
ಫೋಟೋದವನಾಗಿ ನನ್ನ ಎರಡು ಮಾತು. ಆಗಿನ ಕಪ್ಪು ಬಿಳುಪು ಫೋಟೋದಲ್ಲಿ ಸೇತುವೆಯ ಕಮಾನು ಎಷ್ಟು ಅಂತ ಎಣಿಸಬಹುದು, ಅಷ್ಟೇ. ಬೆಳಕಿನ ಬಣ್ಣ ಅದರಲ್ಲಿ ಬರಲ್ಲ. ಹಾಗಾಗಿ ಫೋಟೋ ತರಿಸಿಕೊಂಡಿದ್ದಕ್ಕೆ ಅವನನ್ನು ಬೈಯುವುದರಲ್ಲಿ ಅರ್ಥವಿಲ್ಲ. ಈ ಚಿತ್ರಗಳಲ್ಲಿ ಕಷ್ಟದ ಭಾಗ ಫೋಟೋದಿಂದ ಸಿಗುವಂಥದ್ದಲ್ಲ.

ಚುಕ್ಕಿ:
ಇವುಗಳಲ್ಲಿ ಕೆಲವು ಕಳುವಾಗಿವೆ ಅಂತಾರಲ್ಲ?

ಥೇಮ್ಸ್ ದಂಡೆ:
ಎರಡು. 1901ರಲ್ಲಿ ಲಂಡನ್ನಿಗೆ ಬಂದಾಗ ಅವನ ಕ್ಯಾನ್ವಾಸುಗಳ ಪೆಟ್ಟಿಗೆ ತಡವಾಯಿತು. ಸುಮ್ಮನೆ ಕೂರಲಾಗದೆ ಕಾಗದದ ಮೇಲೆ ಪ್ಯಾಸ್ಟೆಲ್ ಅನ್ನುವ ಬಣ್ಣದ ಕಡ್ಡಿಗಳಲ್ಲಿ ಬಿಡಿಸುತ್ತಾ ಹೋದ. ಬಹಳ ಚೆನ್ನಾಗಿವೆ ಅವು. ಅಂಥ ಎರಡು ಪ್ಯಾಸ್ಟೆಲ್ ಚಿತ್ರಗಳು, ಒಂದು ವಾಟರ್ಲೂ, ಒಂದು ಚೇರಿಂಗ್ ಕ್ರಾಸ್, 2012ರ ಅಕ್ಟೋಬರಿನಲ್ಲಿ ರೊಟರ್‌ಡ್ಯಾಮ್‌ನ ಕುನ್ಸ್ಟ್‌ಹಾಲ್ ಮ್ಯೂಸಿಯಂನಿಂದ ಕಳುವಾದವು. ಪಿಕಾಸೊ, ಮಾತಿಸ್ ಸೇರಿ ಒಟ್ಟು ಏಳು. ರುಮೇನಿಯಾದ ಕಳ್ಳರು ಸಿಕ್ಕಿಬಿದ್ದರು, ಚಿತ್ರಗಳು ಸಿಗಲಿಲ್ಲ. ಒಬ್ಬ ಕಳ್ಳನ ತಾಯಿ ಒಲೆಗೆ ಹಾಕಿ ಸುಟ್ಟೆ ಅಂದಳು. ಆಮೇಲೆ ಇಲ್ಲ ಅಂದಳು. ಒಲೆಯ ಬೂದಿಯಲ್ಲಿ ಹಳೆಯ ಬಣ್ಣದ ಅಂಶ, ಮೊಳೆಗಳು ಸಿಕ್ಕವು.

ಸುಮ್ನೆ ನೋಡೋನು:
ಅಯ್ಯೋ. ಬೆಲೆ ಎಷ್ಟಿರಬಹುದು ಇವಕ್ಕೆಲ್ಲಾ?

ಹಳೇ ಕ್ಯಾಮೆರಾ:
ಕಳುವಾದದ್ದರ ಬೆಲೆ ಬಿಡಿ. ಸೂರ್ಯ ಮುಳುಗುವ ಹೊತ್ತಿನ ಒಂದು ಪಾರ್ಲಿಮೆಂಟ್ ಚಿತ್ರ 2015ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಸುಮಾರು 4 ಕೋಟಿ ಡಾಲರಿಗೆ ಹೋಗಿತ್ತು. 2022ರಲ್ಲಿ ಅದೇ ಥರದ, ಅದೇ ಹೆಸರಿನ ಇನ್ನೊಂದು ಸುಮಾರು 7.6 ಕೋಟಿ ಡಾಲರಿಗೆ ಹೋಯಿತು. ಹೊಗೆಗೆ ಈ ರೇಟು.

ಸುಮ್ನೆ ನೋಡೋನು:
ಸರಿ, ಈಗ ನೋಡಬೇಕು ಅನ್ನಿಸ್ತಿದೆ. ಬೆಂಗಳೂರಲ್ಲಿ ಕೂತವನು ಎಲ್ಲಿ ನೋಡಲಿ?

ಥೇಮ್ಸ್ ದಂಡೆ:
ಒಳ್ಳೆ ಅವಕಾಶ ಒಂದು ಹೋಯಿತು. 2024ರ ಸೆಪ್ಟೆಂಬರಿನಿಂದ 2025ರ ಜನವರಿವರೆಗೆ ಇಲ್ಲಿನ ಕೋರ್ಟೋಲ್ಡ್ ಗ್ಯಾಲರಿಯಲ್ಲಿ 21 ಚಿತ್ರಗಳನ್ನು ಒಟ್ಟಿಗೆ ಇಟ್ಟಿದ್ದರು. ಸವಾಯ್‌ನಿಂದ ಕೂಗಿದರೆ ಕೇಳಿಸುವಷ್ಟು ದೂರ. ಮೊನೆಗೆ 1905ರಲ್ಲಿ ಲಂಡನ್ನಿನಲ್ಲೇ ತೋರಿಸಬೇಕು ಅಂತ ಆಸೆ ಇತ್ತು, ಆಗಿರಲಿಲ್ಲ. ನಾನು ಹೋಗಿದ್ದೆ. ವಿಪರೀತ ಜನ. ಒಂದು ಚಿತ್ರದಿಂದ ಇನ್ನೊಂದಕ್ಕೆ ಹೋದಾಗ ಗೋಡೆಯ ಬಣ್ಣವೇ ಬದಲಾದ ಹಾಗೆ ಅನ್ನಿಸುತ್ತಿತ್ತು. ಫೋನಿನಲ್ಲಿ ಅದು ಬರಲ್ಲ, ಆದರೂ ನೋಡಿ.

ಬಣ್ಣದ ಡಬ್ಬಿ:
@ಸುಮ್ನೆ ನೋಡೋನು, ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ, ನ್ಯೂಯಾರ್ಕಿನ ಮೆಟ್ರೊಪಾಲಿಟನ್, ಚಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟ್, ಈ ಮೂರರ ವೆಬ್‌ಸೈಟಿನಲ್ಲೂ ಲಂಡನ್ ಚಿತ್ರಗಳ ದೊಡ್ಡ ಫೈಲುಗಳು ಉಚಿತವಾಗಿ ಸಿಗುತ್ತವೆ. ಫೋನಿನಲ್ಲಿ ಬೇಡ, ಕಂಪ್ಯೂಟರಿನಲ್ಲಿ ತೆಗೆಯಿರಿ. ವಾಷಿಂಗ್ಟನ್ನಿನ ಪಾರ್ಲಿಮೆಂಟಿನಿಂದ ಶುರು ಮಾಡಿ. ಗೋಪುರದ ಬುಡದಲ್ಲಿ ಕಟ್ಟಡ ಮುಗಿದು ನೀರು ಶುರುವಾಗುವ ಜಾಗ ಹುಡುಕಿ. ಎಲ್ಲಿ ಸಿಕ್ಕಿತು ಅಂತ ಇಲ್ಲಿ ಬಂದು ಹೇಳಿ.

ಸುಮ್ನೆ ನೋಡೋನು:
ತೆಗೆದೆ. ಇನ್ನೂ ಹುಡುಕ್ತಾ ಇದ್ದೀನಿ ಸರ್.